ಅಪ್ಪನ ಹೆಸರಿನ ಡಬ್ಬಿ

"ಆ ಡಬ್ಬೀನ ಗಲ್ಲಾ ಮೇಲಿಂದ ತೆಗಿಯಮ್ಮ. ಈಗ ತಾನೇ ಪೂಜೆ ಆಗಿದೆ."

ಶಿವರುದ್ರಪ್ಪನವರ ದನಿ ಜೋರಾಗೇನೂ ಇರಲಿಲ್ಲ. ಆದರೂ ಬೇಳೆ ಮಂಡಿಯಲ್ಲಿದ್ದ ಆರೇಳು ಜನ ಒಟ್ಟಿಗೆ ತಿರುಗಿ ನೋಡಿದರು.

ಲಾವಣ್ಯಾಳ ಕಿವಿ ಬಿಸಿಯಾಯಿತು. ಬೆರಳುದ್ದದ, ನೀಲಿ ಮುಚ್ಚಳದ ಖಾಲಿ ಡಬ್ಬಿ ಅದು. ಮಾತಿನ ಭರದಲ್ಲಿ ಅದನ್ನು ಗಲ್ಲಾಪೆಟ್ಟಿಗೆಯ ಮೇಲೆ, ಊದಿನಕಡ್ಡಿಯ ಪಕ್ಕದಲ್ಲೇ ಇಟ್ಟುಬಿಟ್ಟಿದ್ದಳು.

ಅಯ್ಯೋ... ಇಷ್ಟೂ ಗೊತ್ತಾಗಲಿಲ್ಲವೇ ನನಗೆ?

ಅವಳು ಚಾಮರಾಜಪೇಟೆಯ ಅನ್ನಕೋಶ ಪ್ರತಿಷ್ಠಾನದಿಂದ ಬಂದಿದ್ದಳು. ಹೊಟ್ಟೆ ಮತ್ತು ಕರುಳಿನ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುವುದು, ಜನರಿದ್ದಲ್ಲಿಗೇ ಹೋಗಿ ತಿಳಿಹೇಳುವುದು ಆ ಸಂಸ್ಥೆಯ ಕೆಲಸ. ಆ ವರ್ಷ ತರಗುಪೇಟೆಯ ಸರದಿ. ನಲವತ್ತೈದು ದಾಟಿದವರು ಆ ಡಬ್ಬಿಯಲ್ಲಿ ಒಂದು ಚೂರು ಮಲ ಕೊಡಬೇಕು. ಕಣ್ಣಿಗೆ ಕಾಣದ ರಕ್ತ ಅದರಲ್ಲಿದೆಯೇ ಎಂದು ಪ್ರಯೋಗಾಲಯ ನೋಡುತ್ತದೆ. ಇದ್ದರೆ, ಕ್ಯಾನ್ಸರ್ ಇನ್ನೂ ಮೊಳಕೆಯಲ್ಲಿರುವಾಗಲೇ ಸಿಕ್ಕಿಬೀಳಬಹುದು.

ಮೂಟೆ ಇಳಿಸುತ್ತಿದ್ದ ಹಮಾಲಿ ಓಬಳಪ್ಪ ನಕ್ಕ. "ಬೇಳೆ ಸ್ಯಾಂಪಲ್ ಕೊಟ್ಟಿದ್ದಾಯ್ತು ಯಜಮಾನ್ರೇ, ಇನ್ನು ಇದರ ಸ್ಯಾಂಪಲ್ಲೂ ಕೊಟ್ಬಿಡಿ."

ಎಲ್ಲರೂ ನಕ್ಕರು. ಲಾವಣ್ಯಾ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. ಹೊರಟುಬಿಡಬೇಕು ಅನ್ನಿಸಿತು. ಆದರೆ ಗೋಡೆಗೆ ತೂಗುಹಾಕಿದ್ದ ಕಬ್ಬಿಣದ ಚೂಪು ಕೊಳವೆ ಕಣ್ಣಿಗೆ ಬಿತ್ತು. ಚೀಲಕ್ಕೆ ಚುಚ್ಚಿ ಒಳಗಿನ ಕಾಳು ತೆಗೆದು ನೋಡುವ ಕೊಳವೆ.

"ಯಜಮಾನ್ರೇ, ಚೀಲ ಬಿಚ್ಚದೇನೇ ಒಳಗೆ ಹುಳ ಇದೆಯಾ ಅಂತ ಅದರಲ್ಲಿ ನೋಡ್ತೀರಲ್ವಾ? ಇದೂ ಅಷ್ಟೇ."

ನಗು ನಿಂತಿತು. ಅರವತ್ನಾಲ್ಕು ವರ್ಷದ ಶಿವರುದ್ರಪ್ಪ ಹಣೆಯ ವಿಭೂತಿ ಸುಕ್ಕಾಗುವಂತೆ ಹುಬ್ಬು ಗಂಟಿಕ್ಕಿದರು.

"ಮಾತು ಚೆನ್ನಾಗಿ ಕಲ್ತಿದೀಯ. ಆದ್ರೆ ಈ ಬೀದೀಲಿ ಸ್ಯಾಂಪಲ್ ಅಂದ್ರೆ ಮರ್ಯಾದೆ, ತಾಯಿ. ಒಂದು ಚೀಲದ ಸ್ಯಾಂಪಲ್ ತೋರಿಸಿ ಇನ್ನೊಂದು ಚೀಲ ಲೋಡ್ ಮಾಡಿದವನು ಇಲ್ಲಿ ಮತ್ತೆ ತಲೆ ಎತ್ತಿಲ್ಲ. ಅದನ್ನ ಇದಕ್ಕೆ ಹೋಲಿಸ್ಬೇಡ. ಹೋಗ್ಬಾ."

ಅವಳು ಬೀದಿ ತಿರುವಿನ ಕೈಗಾಡಿಗಳ ಬಳಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ ಕೆಮ್ಮಿದರು. ಶಿವರುದ್ರಪ್ಪನವರ ಒಬ್ಬನೇ ಮಗ ಕೈಲಾಸ್. ಮಂಡಿಯ ಮೂಲೆಯಲ್ಲಿ ಒಂದು ಮಾತೂ ಆಡದೆ ನಿಂತಿದ್ದವನು. ಅವನ ಕೈಯಲ್ಲಿ ಅವಳ ಕರಪತ್ರ ಇತ್ತು.

"ಇದರಲ್ಲಿ ಬರೆದಿದೀರಲ್ಲ... ತೂಕ ಇಳಿಯೋದು, ಸುಸ್ತು ಅಂತ. ಅಪ್ಪಾಜಿಗೆ ಈಗೀಗ ಪಂಚೆ ಸೊಂಟದಲ್ಲಿ ನಿಲ್ತಿಲ್ಲ. ಕೇಳಿದ್ರೆ ಮೂಲವ್ಯಾಧಿ, ಉಷ್ಣ ಅಂತಾರೆ."

ಲಾವಣ್ಯಾ ತನ್ನ ಅಳು ಮರೆತಳು. ಹಾಗಿದ್ದರೆ ಡಬ್ಬಿ ಸಾಲದು, ನೇರವಾಗಿ ಡಾಕ್ಟರ ಬಳಿ ಕರೆತನ್ನಿ ಎಂದಳು. ಡಬ್ಬಿಯನ್ನೇ ಮುಟ್ಟದವರು ಡಾಕ್ಟರ ಹತ್ತಿರ ಬರುವುದುಂಟೇ ಎಂದು ಅವನು ಕೇಳಿದ. ಮೊದಲು ಇದಾಗಲಿ, ಅದರಲ್ಲೇನಾದರೂ ಬಂದರೆ ಎಳೆದುಕೊಂಡಾದರೂ ಬರುತ್ತೇನೆ ಎಂದ.

ಡಬ್ಬಿ ಕೈ ಬದಲಾಯಿಸಿತು. ಬೆರಳಿಗೆ ಬೆರಳು ತಾಗಿತು.

ಇಬ್ಬರೂ ಬೇರೆಡೆ ನೋಡಿದರು.

*

ಲಾವಣ್ಯಾಳಿಗೆ ಆಗ ಮೂವತ್ನಾಲ್ಕು. ತಂದೆ ಧರ್ಮರಾಜು ಬೇಗ ತೀರಿಕೊಂಡಿದ್ದರು. ತಾಯಿ ಅಣ್ಣಮ್ಮ ಗಾಂಧಿಬಜಾರಿನಲ್ಲಿ ಸೊಪ್ಪು ಮಾರುತ್ತ ಹನುಮಂತನಗರದ ಎರಡು ಕೋಣೆಯ ಮನೆಯನ್ನು ನಡೆಸಿದವಳು. ಹಗಲೆಲ್ಲ ಔಷಧಿ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಓದಿ ಲಾವಣ್ಯಾ ಈ ಕೆಲಸಕ್ಕೆ ಸೇರಿದ್ದಳು. ಬೀಗ ಹಾಕಿದ ಬಾಗಿಲನ್ನು ಎರಡು ಸಲ ಎಳೆದು ನೋಡುವ ಹುಡುಗಿ. ಪ್ರತಿ ಡಬ್ಬಿಯ ಮೇಲಿನ ಹೆಸರನ್ನು ಮೂರು ಸಲ ಓದುವವಳು.

ಕೈಲಾಸನಿಗೆ ಮೂವತ್ತೆಂಟು. ಎರಡು ಸಲ ಮದುವೆ ಮಾತುಕತೆ ನಡೆದು ಮುರಿದಿತ್ತು. ಮೂರನೆಯದಕ್ಕೆ ಅವನೇ ಬೇಡವೆಂದಿದ್ದ.

ದಿನಾ ಏನಾದರೊಂದು ನೆಪ. ಅಪ್ಪ ಇನ್ನೂ ಒಪ್ಪಿಲ್ಲ ಎಂದು ಹೇಳಲು ಅವನು ಚಾಮರಾಜಪೇಟೆಗೆ ಬರುತ್ತಿದ್ದ. ಅದನ್ನು ಫೋನಿನಲ್ಲೇ ಹೇಳಬಹುದಿತ್ತು... ಗಾಂಧಿಬಜಾರಿಗೆ ಹೋಗಿ ಅಣ್ಣಮ್ಮನ ಹತ್ತಿರ ಸಬ್ಬಸಿಗೆ ಸೊಪ್ಪು ಕೊಳ್ಳುತ್ತಿದ್ದ.

"ಏನೇ, ಆ ಬೇಳೆ ಮಂಡಿಯವರ ಮನೇಲಿ ಹಸು ಸಾಕಿದಾರಾ?" ಎಂದು ಅಣ್ಣಮ್ಮ ಒಂದು ದಿನ ಮಗಳನ್ನು ಕೇಳಿದಳು. "ದಿನಾ ನಾಲ್ಕು ಕಟ್ಟು ಸಬ್ಬಸಿಗೆ ಯಾರು ತಿಂತಾರೆ?"

ಲಾವಣ್ಯಾ ನಗು ಮುಚ್ಚಿಕೊಳ್ಳಲು ಮುಖ ತಿರುಗಿಸಿದಳು.

ಫೆಬ್ರವರಿಯ ಕೊನೆಯ ದಿನ ಡಬ್ಬಿ ಒಪ್ಪಿಸಲು ಗಡುವು. ತರಗುಪೇಟೆಯಿಂದ ನೂರು ಜನ ಆಗದಿದ್ದರೆ ಆ ಮಾರುಕಟ್ಟೆಯನ್ನೇ ಅಧ್ಯಯನದಿಂದ ಕೈಬಿಡುವುದಾಗಿ ಸಂಶೋಧನೆಯ ಮುಖ್ಯಸ್ಥೆ ಡಾ. ರುದ್ರಾಣಿ ಮೊದಲೇ ಹೇಳಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಲಾವಣ್ಯಾಳ ಪುಸ್ತಕದಲ್ಲಿ ತೊಂಬತ್ತೊಂಬತ್ತು ಹೆಸರಿದ್ದವು. ಎರಡು ತಿಂಗಳ ಅಲೆದಾಟ ಒಂದೇ ಒಂದು ಹೆಸರಿಗೆ ಸಿಕ್ಕಿಕೊಂಡಿತ್ತು. ಕೈಲಾಸನಿಗೆ ಫೋನಿನಲ್ಲಿ ಅದನ್ನು ಹೇಳುವಾಗ ಅವಳಿಗೆ ಅಳು ಬಂದಿತ್ತು.

ಮೂರೂವರೆಗೆ ಕೈಲಾಸ್ ಬಂದ. ಬೆವರಿದ್ದ. ಕಾಗದದಲ್ಲಿ ಸುತ್ತಿದ ಡಬ್ಬಿ ಮೇಜಿನ ಮೇಲಿಟ್ಟ.

"ಅಪ್ಪಾಜಿದು."

ಅವಳ ಎದೆ ಹಗುರಾಯಿತು. ಮರುಕ್ಷಣವೇ ನಿಯಮ ನೆನಪಾಯಿತು. ಡಬ್ಬಿಯನ್ನು ಅದರ ಯಜಮಾನರ ಕೈಯಿಂದಲೇ ತೆಗೆದುಕೊಳ್ಳಬೇಕು, ಇದು ನಿಮ್ಮದೇ ತಾನೇ ಎಂದು ಕೇಳಬೇಕು, 'ಯಾರು ಕೊಟ್ಟರು' ಎಂಬ ಕಾಲಮಿನಲ್ಲಿ ಬರೆಯಬೇಕು. ಹಾಗೆಂದಳು. ಅಪ್ಪ ಮಂಡಿ ಬಿಟ್ಟು ಬರುವ ಹೊತ್ತಲ್ಲ, ಒಪ್ಪಿದ್ದೇ ದೊಡ್ಡದು ಎಂದು ಅವನು ನೆಲ ನೋಡುತ್ತ ಹೇಳಿದ.

ಅವನ ಮೇಲೆ ಅನುಮಾನವೇ? ಛೆ...

ಲಾವಣ್ಯಾ ಪೆನ್ನು ತೆಗೆದು 'ಸ್ವತಃ' ಎಂದು ಬರೆದಳು. ಅವಳ ಜೀವನದ ಮೊದಲ ಸುಳ್ಳು ದಾಖಲೆ ಅದು. ಬರೆದ ಮೇಲೆ ಅವಳು ಅವನನ್ನು ನೋಡಿ ನಕ್ಕಳು. ಅವನು ನಗಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡಳು.

ಎರಡು ವಾರಕ್ಕೆ ಶಿವರುದ್ರಪ್ಪನವರ ಮನೆಗೆ ಕಾಗದ ಹೋಯಿತು: ರಕ್ತದ ಅಂಶ ಕಂಡುಬಂದಿಲ್ಲ.

*

ದಸರಾ ಕಳೆದ ಮೇಲೆ ಒಂದು ಸೋಮವಾರ, ಶಿವರುದ್ರಪ್ಪ ಮಂಡಿಯಲ್ಲೇ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಕರುಳಿನೊಳಗೆ ಕೊಳವೆ ಇಳಿಸಿ ಸ್ಕೋಪ್ ಮಾಡಿದರು, ಸ್ಕ್ಯಾನ್ ಮಾಡಿದರು. ದೊಡ್ಡ ಕರುಳಿನ ಕ್ಯಾನ್ಸರ್. ಯಕೃತ್ತಿಗೆ ಹರಡಿ ಆಗಿತ್ತು.

ವಾಸಿಯಾಗುವ ಹಂತ ದಾಟಿದೆ ಎಂದರು ವೈದ್ಯರು. ಎಂಟು ತಿಂಗಳ ಹಿಂದೆ ಸಿಕ್ಕಿದ್ದರೆ... ಎಂದು ಶುರು ಮಾಡಿ, ಮಾತು ಮುಗಿಸದೆ ಫೈಲು ಮುಚ್ಚಿದರು.

ಕೈಲಾಸನ ತಾಯಿ ಮಹಾನಂದ ಸೆರಗಿನಿಂದ ಒಂದು ಕಾಗದ ತೆಗೆದು ವೈದ್ಯರ ಮುಂದೆ ಹಿಡಿದರು. ಆಗ ನೋಡಿಸಿದ್ದೆವಲ್ಲ ಸ್ವಾಮಿ, ಏನೂ ಇಲ್ಲ ಅಂತ ಬರೆದುಕೊಟ್ಟಿದ್ದರಲ್ಲ ಎಂದರು. ಗಂಡನ ಬಟ್ಟೆಯಲ್ಲಿ ಅವರು ರಕ್ತದ ಕಲೆ ನೋಡಿದ್ದರು. ಡಾಕ್ಟರ ಹತ್ತಿರ ಹೋಗೋಣ ಎಂದು ದಿನಾ ಕಾಡುತ್ತಿದ್ದರು. ಆ ಕಾಗದ ಬಂದ ದಿನದಿಂದ ಕಾಡುವುದನ್ನು ಬಿಟ್ಟಿದ್ದರು.

ಸುದ್ದಿ ಪ್ರತಿಷ್ಠಾನಕ್ಕೆ ಮುಟ್ಟಿತು. ಪ್ರಯೋಗಾಲಯದ ದಾಖಲೆಗಳೆಲ್ಲ ಸರಿಯಾಗಿದ್ದವು. ಹಾಗಾದರೆ ಡಬ್ಬಿಗಳ ಮೇಲಿನ ಹೆಸರು ಅದಲುಬದಲಾಗಿರಬೇಕು. ಹೆಸರು ಅಂಟಿಸಿದವಳು ಲಾವಣ್ಯಾ.

ಅವಳು ಕೈಲಾಸನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಹನ್ನೊಂದು ಸಲ... ಗಾಂಧಿಬಜಾರಿನಲ್ಲಿ ಸಬ್ಬಸಿಗೆ ಉಳಿದು ಬಾಡಿತು.

ಅವನು ನನ್ನನ್ನೇ ಕಾರಣ ಅಂದುಕೊಂಡಿದ್ದಾನೆ. ಅಂದುಕೊಳ್ಳದೆ ಇನ್ನೇನು ಮಾಡಿಯಾನು? ನಾನೇ ಕಾರಣ.

ಆ ಮಧ್ಯಾಹ್ನವನ್ನು ಅವಳು ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಂಡಳು. ತೊಂಬತ್ತೊಂಬತ್ತನೆಯ ಡಬ್ಬಿ ಬಲಗಡೆ ಇತ್ತೇ, ಎಡಗಡೆಯೇ? ಹೆಸರು ಬರೆಯುವಾಗ ಅವನ ಮುಖ ನೋಡುತ್ತಿದ್ದೆನಲ್ಲವೇ? ಮೂರು ಸಲ ಓದಿದೆನೇ, ಎರಡೇ ಸಲವೇ? ನೆನಪಿಗೆ ಬಾರದ್ದನ್ನೆಲ್ಲ ಅವಳ ಮನಸ್ಸು ತಪ್ಪಿನ ಕಡೆಗೇ ಸೇರಿಸಿತು. ವಾರ ಕಳೆಯುವಷ್ಟರಲ್ಲಿ ಡಬ್ಬಿ ಬದಲಾಯಿಸಿದ್ದು ತಾನೇ ಎಂದು ಅವಳು ಪೂರ್ತಿ ನಂಬಿಬಿಟ್ಟಿದ್ದಳು.

ರುದ್ರಾಣಿ ಮೇಡಂ ಮುಂದೆ ನಿಂತು ಎಲ್ಲ ಒಪ್ಪಿಕೊಂಡಳು. ಡಬ್ಬಿಯನ್ನು ಮಗನ ಕೈಯಿಂದ ತೆಗೆದುಕೊಂಡು 'ಸ್ವತಃ' ಎಂದು ಬರೆದದ್ದನ್ನೂ ಹೇಳಿದಳು.

ಮೇಡಂ ಪುಸ್ತಕ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟರು. "ನಮ್ಮ ಇಡೀ ಸಂಶೋಧನೆ ಆ ಒಂದು ಕಾಲಮಿನ ಮೇಲೆ ನಿಂತಿದೆ ಲಾವಣ್ಯಾ. ಅದೇ ಸುಳ್ಳಾದ್ರೆ ನಾವು ಜನರಿಗೆ ಕೊಟ್ಟಿದ್ದು ಬರೀ ಕಾಗದ."

ತರಗುಪೇಟೆಯ ನೂರೂ ಹೆಸರುಗಳನ್ನು ಅಧ್ಯಯನದಿಂದ ತೆಗೆದುಹಾಕಲಾಯಿತು. ಲಾವಣ್ಯಾಳನ್ನು ಮಾರುಕಟ್ಟೆ ಕೆಲಸದಿಂದ ಬಿಡಿಸಿ ಚೀಟಿ ಬರೆಯುವ ಕಿಟಕಿಯಲ್ಲಿ ಕೂರಿಸಿದರು.

*

ಕ್ಷಮೆ ಕೇಳದೆ ಅವಳಿಗೆ ಊಟ ಸೇರಲಿಲ್ಲ. ಸುದ್ದಿ ಮುಟ್ಟಿ ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಆಸ್ಪತ್ರೆಗೆ ಹೋದಳು.

ಶಿವರುದ್ರಪ್ಪನವರ ಮುಖ ಅರಿಶಿನ ಬಳಿದಂತಾಗಿತ್ತು. ಕೊರಳಿನ ಲಿಂಗದ ಕರಡಿಗೆ ಎಲುಬಿನ ಮೇಲೆ ಭಾರವಾಗಿ ಕೂತಿತ್ತು. ಕಿಟಕಿಯ ಬಳಿ ನಿಂತಿದ್ದ ಕೈಲಾಸ್ ಅವಳನ್ನು ಕಂಡು ಗೋಡೆಗೆ ಒರಗಿಕೊಂಡ.

ಲಾವಣ್ಯಾ ಅವನ ಕಡೆ ನೋಡಲಿಲ್ಲ. ಮಂಚದ ಹತ್ತಿರ ಹೋಗಿ ಕೈಮುಗಿದಳು.

"ಯಜಮಾನ್ರೇ, ತಪ್ಪು ನನ್ನದು. ನಿಮ್ಮ ಡಬ್ಬಿ ನಾನೇ ಬದಲಾಯಿಸಿಬಿಟ್ಟೆ. ಬೇಕು ಅಂತ ಮಾಡಿದ್ದಲ್ಲ... ಕ್ಷಮಿಸಿ ಅಂತ ಕೇಳೋ ಯೋಗ್ಯತೆ ಇಲ್ಲ. ಆದ್ರೂ ಕೇಳೋಕೆ ಬಂದೆ."

ಮುದುಕರ ಕಣ್ಣು ಅವಳನ್ನು ದಾಟಿ ಮಗನ ಮೇಲೆ ನಿಂತಿತು. ಕಾಯುವ ನೋಟ ಅದು.

"ಅದು ನನ್ನದು," ಎಂದ ಕೈಲಾಸ್.

ಅವಳಿಗೆ ಅರ್ಥವಾಗಲಿಲ್ಲ.

"ಡಬ್ಬಿಯಲ್ಲಿ ಇದ್ದಿದ್ದು ನನ್ನದು ಲಾವಣ್ಯಾ. ಅಪ್ಪಾಜಿ ಮುಟ್ಟಲೇ ಇಲ್ಲ. ಲಿಂಗಪೂಜೆ ಮಾಡೋ ಕೈಯಲ್ಲಿ ಅಂಥದ್ದನ್ನ ಹಿಡಿಯಲ್ಲ ಅಂದ್ರು. ಅವತ್ತು ಕೊನೇ ದಿನ. ಒಂದು ಹೆಸರಿಗೆ ನೀನು ಅಳ್ತಿದ್ದೆ. ನಿನಗೋಸ್ಕರ ಅಂತ ಹೇಳ್ಕೊಂಡೆ..." ಅವನು ತಂದೆಯ ಕಡೆ ನೋಡಿದ. "ಅದೂ ಪೂರ್ತಿ ನಿಜ ಅಲ್ಲ. ಅಪ್ಪಾಜಿಗೆ ಏನೂ ಇಲ್ಲ ಅಂತ ಬರೆದಿರೋ ಒಂದು ಕಾಗದ ನನಗೂ ಬೇಕಿತ್ತು. ಅಷ್ಟು ಹೆದರಿದ್ದೆ."

ಲಾವಣ್ಯಾ ಮಂಚದ ಕಂಬಿ ಹಿಡಿದುಕೊಂಡಳು. ಎರಡು ತಿಂಗಳು... ಎರಡು ತಿಂಗಳು ಎಲ್ಲ ಗೊತ್ತಿದ್ದೂ ಇವನು ಸುಮ್ಮನಿದ್ದನೇ?

ಶಿವರುದ್ರಪ್ಪ ಕೈ ಎತ್ತಿದರು. ಪ್ರತಿ ಮಾತಿಗೂ ಉಸಿರು ಹುಡುಕಿಕೊಳ್ಳುತ್ತ ಹೇಳಿದರು.

"ಒಂದು ಚೀಲದ ಸ್ಯಾಂಪಲ್ ತೋರಿಸಿ ಇನ್ನೊಂದು ಚೀಲ ಲೋಡ್ ಮಾಡ್ದೆಯಲ್ಲೋ." ನಂತರ ಲಾವಣ್ಯಾಳ ಕಡೆ ತಿರುಗಿದರು. "ಇವನೊಬ್ಬನದ್ದೇ ಅಲ್ಲಮ್ಮ. ಕಾಗದ ಬಂದಾಗ ಅದು ನನ್ನದಲ್ಲ ಅಂತ ನನಗೆ ಗೊತ್ತಿರ್ಲಿಲ್ವಾ? ಕೊಡದೇ ಇದ್ದವನಿಗೆ ರಿಪೋರ್ಟ್ ಎಲ್ಲಿಂದ ಬರುತ್ತೆ? ಆದ್ರೂ ಅದನ್ನೇ ಇವನಮ್ಮನಿಗೆ ತೋರಿಸಿ ಬಾಯಿ ಮುಚ್ಚಿಸ್ದೆ. ಕಲಬೆರಕೆ ಮಾಡಿದ್ದು ಅವನು. ಮಾರಿದ್ದು ನಾನು."

ಅವರು ಕಣ್ಣು ಮುಚ್ಚಿದರು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

ಕೈಲಾಸ್ ಒಂದು ಹೆಜ್ಜೆ ಮುಂದೆ ಬಂದ. ಲಾವಣ್ಯಾ ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು ಕೈಲಾಸ್. ಮನೆ ಬೀಗ ಹಾಕಿದೀನೋ ಇಲ್ವೋ ಅಂತ ಆರು ಸಲ ವಾಪಸ್ ಹೋಗಿ ನೋಡ್ತಿದ್ದೆ. ನೀವು ಒಂದು ಫೋನ್ ಎತ್ತಿದ್ರೆ ಸಾಕಿತ್ತು."

ಅಷ್ಟೇ ಹೇಳಿ ಹೊರಟುಹೋದಳು. ಆಸ್ಪತ್ರೆಯ ಗೇಟಿನ ಹೊರಗೆ ಬಂದ ಮೇಲೆ ಅಳು ಬಂತು. ಅವನ ಮೇಲಿನ ಸಿಟ್ಟಿಗೋ, ತಾನು ಡಬ್ಬಿ ಬದಲಾಯಿಸಿರಲಿಲ್ಲ ಎಂಬ ಸಮಾಧಾನಕ್ಕೋ... ಆ ಸಮಾಧಾನವೂ ಅವಳಿಗೆ ನಾಚಿಕೆ ತಂದಿತು. 'ಸ್ವತಃ' ಎಂದು ಬರೆದ ಕೈ ಅವಳದೇ ತಾನೇ.

*

ಕೈಲಾಸ್ ಮರುದಿನವೇ ಪ್ರತಿಷ್ಠಾನಕ್ಕೆ ಬಂದು ಎಲ್ಲವನ್ನೂ ಬರೆದುಕೊಟ್ಟು ಹೋದನೆಂದು ಮೇಡಂ ತಿಳಿಸಿದರು. ಲಾವಣ್ಯಾ ತಲೆ ಆಡಿಸಿದಳು. ಅವಳು ಕೇಳಿದ್ದು ಒಂದೇ: ಉಳಿದ ತೊಂಬತ್ತೊಂಬತ್ತು ಜನರನ್ನು ಮತ್ತೆ ಕಂಡು ಬರಲೇ? ಸಂಬಳದ ಕೆಲಸವಾಗಿ ಅಲ್ಲ, ಭಾನುವಾರ ಬೆಳಗ್ಗೆ.

ಹೋದಳು. ಬಾಗಿಲಿಂದ ಬಾಗಿಲಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದಳು: "ಬೇಜಾರು ಮಾಡ್ಕೋಬೇಡಿ... ಅದು ನಿಮ್ಮದೇನಾ?"

ಮೂರು ಜನ ತಲೆ ತಗ್ಗಿಸಿದರು. ಅವರಲ್ಲಿ ಒಬ್ಬ ಓಬಳಪ್ಪ. ನಾಲ್ಕು ದಿನದಿಂದ ಮಲಬದ್ಧತೆ ಇತ್ತು, ನೀವು ದಿನಾ ಬಂದು ಕೇಳುವುದು ನೋಡಲಾಗದೆ ಭಾವಮೈದುನನದು ಕೊಟ್ಟೆ ಎಂದ. ಈಗ ತನ್ನದನ್ನೇ ಕೊಟ್ಟ. ಅದರಲ್ಲಿ ರಕ್ತ ಇತ್ತು. ಸ್ಕೋಪಿನಲ್ಲಿ ಒಂದು ಸಣ್ಣ ಗಂಟು ಸಿಕ್ಕಿತು, ಅದನ್ನು ಅಲ್ಲೇ ತೆಗೆದರು. ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಮುಂದೆ ಆಗುತ್ತಿತ್ತೇನೋ.

ನಾಚಿಕೆ ಎಂಥೆಂಥ ಸುಳ್ಳು ಹೇಳಿಸುತ್ತದೆ ಎಂಬುದನ್ನು ನಮ್ಮ ಯಾವ ಪುಸ್ತಕವೂ ಕಲಿಸಿರಲಿಲ್ಲ ಎಂದರು ರುದ್ರಾಣಿ ಮೇಡಂ. ಅಧ್ಯಯನವನ್ನು ಹೊಸದಾಗಿ, ಮೊದಲಿನಿಂದ ಶುರು ಮಾಡುವುದೆಂದು ತೀರ್ಮಾನವಾಯಿತು.

ಶಿವರಾತ್ರಿಗೆ ಎರಡು ದಿನ ಮುಂಚೆ ಶಿವರುದ್ರಪ್ಪ ತೀರಿಕೊಂಡರು. ಕೂರಿಸಿ, ವಿಭೂತಿ ಧಾರಣೆ ಮಾಡಿ, ಬಿಲ್ವಪತ್ರೆ ತುಂಬಿದ ಗುಣಿಯಲ್ಲಿ ಇಳಿಸುವಾಗ ಲಾವಣ್ಯಾ ಜನರ ಹಿಂದೆ ನಿಂತಿದ್ದಳು. ಕೈಲಾಸ್ ಮಣ್ಣು ಹಾಕಲು ಬಗ್ಗಿದವನು ಮೇಲೇಳಲಿಲ್ಲ. ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.

ಹೋಗಿ ಹಿಡಿದುಕೊಳ್ಳಬೇಕು ಅನ್ನಿಸಿತು ಅವಳಿಗೆ. ಹೋಗಲಿಲ್ಲ.

*

ಯುಗಾದಿ ಆಗಿ ಹತ್ತು ದಿನಕ್ಕೆ ತರಗುಪೇಟೆಯಲ್ಲಿ ಪ್ರತಿಷ್ಠಾನದ ಹೊಸ ಅಧ್ಯಯನದ ಮೊದಲ ಸಭೆ. ಶಿವರುದ್ರಪ್ಪನವರ ಮಂಡಿಯ ಮುಂದೆಯೇ ಜಾಗ ಕೊಟ್ಟಿದ್ದರು. ಅದು ಯಾರು ಕೊಟ್ಟ ಜಾಗ ಎಂದು ಲಾವಣ್ಯಾಳಿಗೆ ಗೊತ್ತಿತ್ತು. ಮೇಡಂ ಅವಳನ್ನು ಮತ್ತೆ ಮಾರುಕಟ್ಟೆಗೆ ಕಳುಹಿಸಿದ ಮೊದಲ ದಿನ ಅದು.

ಮೇಡಂ ಮಾತು ಮುಗಿಸಿದಾಗ ಕೈಲಾಸ್ ಎದ್ದು ನಿಂತ. ಸೊರಗಿದ್ದ. ಕೈಯಲ್ಲಿ ಆ ಕಬ್ಬಿಣದ ಕೊಳವೆ.

ತನ್ನ ತಂದೆ ಇದೇ ಜಾಗದಲ್ಲಿ ಒಬ್ಬ ಹೆಣ್ಣುಮಗಳಿಗೆ ಅವಮಾನ ಮಾಡಿದ್ದರು, ಅವಳು ಎಲ್ಲಿ ನಿಂತಿದ್ದಳೋ ಅಲ್ಲೇ ನಿಂತು ನಿಜ ಹೇಳು ಎಂದು ಸಾಯುವ ಮುಂಚೆ ಅವರೇ ತನಗೆ ಹೇಳಿದ್ದರು ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಡಬ್ಬಿ, ಹೆಸರು, ಕಾಗದ, ಯಾವುದನ್ನೂ ಬಿಡಲಿಲ್ಲ. ಬೀದಿಯ ವ್ಯಾಪಾರಿಗಳು ತಲೆ ತಗ್ಗಿಸಿ ಕೇಳಿದರು.

"ಒಂದು ಚೀಲದ ಸ್ಯಾಂಪಲ್ ತೋರಿಸಿ ಇನ್ನೊಂದು ಚೀಲ ಕಳಿಸಿದವನು ನಾನು," ಎಂದು ಮುಗಿಸಿದ. "ನೀವು ಹಾಗೆ ಮಾಡ್ಬೇಡಿ."

ಸಭೆ ಕರಗಿತು. ಲಾವಣ್ಯಾ ಮೇಜಿನ ಬಳಿ ಫಾರಂ ಜೋಡಿಸುತ್ತಿದ್ದಳು. ಅವನು ಬಂದು ಎದುರಿಗೆ ನಿಂತ.

ತಂದೆಗೆ ಈ ಕಾಯಿಲೆ ಬಂದಿದ್ದರೆ ಮಕ್ಕಳು ನಲವತ್ತಕ್ಕೇ ಸ್ಕೋಪ್ ಮಾಡಿಸಿಕೊಳ್ಳಬೇಕಂತೆ, ಮೇಡಂ ಹೇಳಿದರು ಎಂದ. ಮುಂದಿನ ತಿಂಗಳು ತನಗೆ ನಲವತ್ತು. ಫಾರಂ ಮುಂದೆ ಚಾಚಿದ.

ಅವಳು ಓದಿದಳು. ಹೆಸರು, ವಯಸ್ಸು, ವಿಳಾಸ, ಎಲ್ಲ ತುಂಬಿತ್ತು. 'ಜೊತೆಗೆ ಬರುವವರು' ಎಂಬಲ್ಲಿ ಖಾಲಿ.

"ಮಂಪರಿನ ಔಷಧಿ ಕೊಡ್ತಾರೆ. ಒಬ್ಬರು ಜೊತೆಗೆ ಬರಲೇಬೇಕು," ಎಂದಳು.

"ಗೊತ್ತು. ಅಮ್ಮನಿಗೆ ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತಿಸೋಕೆ ಮನಸ್ಸಿಲ್ಲ." ಅವನು ದನಿ ತಗ್ಗಿಸಿದ. "ಭಯ ಆಗ್ತಿದೆ ಲಾವಣ್ಯಾ."

ಅವಳ ಒಳಗೆ ಬಿಗಿದುಕೊಂಡಿದ್ದ ಏನೋ ಸಡಿಲವಾಯಿತು. ಕ್ಷಮಿಸಿದೆನೇ? ಗೊತ್ತಿಲ್ಲ... ಆದರೆ ಇವನು ಈ ಸಲ ಭಯವನ್ನು ಬಚ್ಚಿಡಲಿಲ್ಲ.

ಪೆನ್ನು ತೆಗೆದು ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದಳು. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಇತ್ತು.

"ಸಂಬಂಧ ಅಂತ ಕೇಳಿದಾರೆ. ಏನು ಬರೀಲಿ?"

"ನಿಜ ಇರೋದನ್ನ."

"ನಿಜ ಏನು ಅಂತ ನೀವೇ ಹೇಳ್ಬೇಕು. ಇನ್ನೊಬ್ಬರ ಬದಲು ನಾನು ಏನೂ ಬರೆಯಲ್ಲ ಈಗ."

ಕೈಲಾಸ್ ಮೇಜಿನ ಅಂಚು ಹಿಡಿದುಕೊಂಡ. "ನಿನ್ನನ್ನ ಪ್ರೀತಿಸ್ತೀನಿ. ಆ ಡಬ್ಬಿ ತಂದ ದಿನ ನನ್ನ ಹತ್ರ ಇದ್ದ ನಿಜ ಅದೊಂದೇ. ಅಮ್ಮನಿಗೆ ಹೇಳಿದೀನಿ. ಎಲ್ಲವನ್ನೂ ಹೇಳಿದೀನಿ. ನೀನು ಒಪ್ಪಿದ್ರೆ ಮದುವೆ ಆಗೋಣ. ಇಲ್ಲ ಅಂದ್ರೂ... ಅವತ್ತು ಒಂದು ದಿನ ಜೊತೆಗೆ ಬಾ."

ಅವಳು ಆ ಕಾಲಮಿನ ಮೇಲೆ ಪೆನ್ನಿಟ್ಟಳು. ನಂತರ ನಿಧಾನವಾಗಿ, ಒಂದೊಂದೇ ಅಕ್ಷರ ಬರೆದು ಫಾರಂ ಅವನ ಕಡೆ ತಿರುಗಿಸಿದಳು.

"ಮೂರು ಸಲ ಓದಿ. ತಪ್ಪಿದ್ರೆ ಈಗಲೇ ಹೇಳಿ."

'ಮದುವೆಯಾಗುವವಳು' ಎಂದಿತ್ತು. ಅವನು ಮೂರು ಸಲ ಓದಿದ. ನಾಲ್ಕನೆಯ ಸಲ ಓದಲು ಕಣ್ಣು ಮಂಜಾಯಿತು.

"ತಪ್ಪಿಲ್ಲ."

ಲಾವಣ್ಯಾ ಪೆನ್ನನ್ನು ಅವನ ಬೆರಳುಗಳ ನಡುವೆ ಇಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡಳು.

"ಹಾಗಾದ್ರೆ ಸೈನ್ ಮಾಡಿ," ಎಂದಳು. "ನಿಮ್ಮ ಹೆಸರಲ್ಲೇ."